ಮಗಳು ಕಡಲಿಗೆ ಹೊರಟಿದ್ದಾಳೆ, ನನಗೆ ನಿದ್ದೆ ಇಲ್ಲ

ಪ್ರಶ್ನೆ: ನಮ್ಮದು ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿ. ಅಡಿಕೆ ತೋಟ, ಸ್ವಲ್ಪ ಗದ್ದೆ ಇದೆ. ಒಬ್ಬಳೇ ಮಗಳು, 25 ವರ್ಷ. ಆಸ್ಟ್ರೇಲಿಯಾದ ಟೌನ್ಸ್‌ವಿಲ್ ಅನ್ನೋ ಊರಿನಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಹೋದ ವಾರ ಫೋನ್ ಮಾಡಿ, ಆಗಸ್ಟ್‌ನಲ್ಲಿ ಹಿಂಚಿನ್‌ಬ್ರೂಕ್ ಅನ್ನೋ ದ್ವೀಪದ ಸುತ್ತ ಕಯಾಕ್‌ನಲ್ಲಿ ಹೋಗ್ತೀನಿ, ಐದು ಹಗಲು ನಾಲ್ಕು ರಾತ್ರಿ, ದ್ವೀಪದಲ್ಲೇ ಟೆಂಟ್ ಹಾಕಿ ಮಲಗೋದು, ಗೈಡ್ ಇರ್ತಾರೆ, ದುಡ್ಡು ಕಟ್ಟಿ ಆಗಿದೆ ಅಂದಳು. ಅಲ್ಲಿ ಮನೆ ಇಲ್ಲ, ಮಠ ಇಲ್ಲ, ಫೋನೂ ಸಿಗೋದಿಲ್ಲವಂತೆ. ಮೊಸಳೆ ಬೇರೆ ಇದೆಯಂತೆ. ಅದನ್ನು ಅವಳು ಹೇಳಲಿಲ್ಲ, ನಮ್ಮ ಅಕ್ಕನ ಮಗ ಮೊಬೈಲ್‌ನಲ್ಲಿ ನೋಡಿ ಹೇಳಿದ. ನಮ್ಮಲ್ಲಿ ಹೊಳೆ ದಡ ಮೀರಿ ಹರಿಯೋ ತಿಂಗಳಲ್ಲಿ ಅವಳು ಸಮುದ್ರಕ್ಕೆ ಇಳೀತಾಳಲ್ಲ ಅಂತ ನೆನೆಸಿಕೊಂಡರೆ ಕೈಕಾಲು ತಣ್ಣಗಾಗುತ್ತೆ. ಇವರು ಅವತ್ತಿನಿಂದ ಮಗಳ ಹತ್ತಿರ ಮಾತಾಡಿಲ್ಲ. "ಮದುವೆ ವಯಸ್ಸಿನ ಹುಡುಗಿ, ಯಾರ್ಯಾರ ಜೊತೆಗೋ ಕಾಡಲ್ಲಿ ರಾತ್ರಿ ಕಳೆಯೋದೇನು" ಅಂತ ನನ್ನ ಮೇಲೆ ಕೂಗಾಡುತ್ತಾರೆ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ನನ್ನ ಅಣ್ಣ ಹೊಳೆಯಲ್ಲಿ ಹೋದ. ಮಗಳಿಗೆ ಅದು ಗೊತ್ತಿಲ್ಲ, ಜ್ವರ ಬಂದು ತೀರಿಕೊಂಡ ಅಂತ ಹೇಳಿದ್ದೇವೆ. ನೀವು ಬರೆದರೆ ಅವಳು ಕೇಳ್ತಾಳೆ. ಈ ಪುಟದ ಫೋಟೋ ತೆಗೆದು ಕಳಿಸ್ತೀನಿ. ದಯವಿಟ್ಟು ಬುದ್ಧಿ ಹೇಳಿ ಈ ಹುಚ್ಚು ಬಿಡಿಸಿ.
— ಹೆಸರು ಬೇಡ, ಸಾಸ್ವೆಹಳ್ಳಿ

ಉತ್ತರ: ತಾಯಿ, ನೀವು ಕೇಳಿದ್ದನ್ನು ನಾನು ಮಾಡಲಾರೆ. ಆ ಪ್ರಯಾಣದಲ್ಲಿ ಅಪಾಯವೇ ಇಲ್ಲ ಎಂದಲ್ಲ. ಇದೆ, ಅದನ್ನು ಮುಂದೆ ಬಿಡಿಸಿ ಹೇಳುತ್ತೇನೆ. ಆದರೆ ಅಷ್ಟು ದೂರದಲ್ಲಿ ಒಬ್ಬಳೇ ಬದುಕು ನಡೆಸುತ್ತಿರುವ 25ರ ಮಗಳನ್ನು ಹೆದರಿಸಿ ನಿಲ್ಲಿಸಲು ಹೋದರೆ ಅವಳು ಹೋಗುವುದನ್ನು ಬಿಡುವುದಿಲ್ಲ, ನಿಮಗೆ ಹೇಳುವುದನ್ನು ಬಿಡುತ್ತಾಳೆ. ದುಡ್ಡು ಕಟ್ಟಿದ ಮೇಲಾದರೂ, ಹೊರಡುವ ಮುಂಚೆ ಅವಳು ನಿಮಗೆ ಫೋನ್ ಮಾಡಿ ಹೇಳಿದ್ದಾಳೆ. ಹೇಳದೆ ಹೋಗಿಬಂದು ಆಮೇಲೆ ಫೋಟೋ ಕಳಿಸಬಹುದಿತ್ತು. ಅವಳು ತೆರೆದಿಟ್ಟ ಆ ಬಾಗಿಲನ್ನು ನಾವೇ ಮುಚ್ಚುವುದು ಬೇಡ.

ನಿಮ್ಮ ಕಾಗದದಲ್ಲಿ ಎರಡು ಭಯಗಳಿವೆ. ಒಂದು ಆ ದ್ವೀಪದ್ದು, ಅದಕ್ಕೆ ಹತ್ತಾರು ಸಾಲು ಕೊಟ್ಟಿದ್ದೀರಿ. ಇನ್ನೊಂದು ನಿಮ್ಮ ಅಣ್ಣನದು, ಅದಕ್ಕೆ ಎರಡೇ ಸಾಲು. ಎರಡನ್ನೂ ಒಟ್ಟಿಗೆ ಹೊತ್ತುಕೊಂಡಿದ್ದೀರಿ, ಅದಕ್ಕೇ ಇಷ್ಟು ಭಾರವಾಗಿದೆ ಎಂದು ನನಗನ್ನಿಸುತ್ತದೆ. ದ್ವೀಪದ ಮಾತು ಮೊದಲು ಮುಗಿಸೋಣ, ಅಲ್ಲಿ ಕೇಳಿದರೆ ಉತ್ತರ ಸಿಗುತ್ತದೆ.

ಹಿಂಚಿನ್‌ಬ್ರೂಕ್ ಇರುವುದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಕರಾವಳಿಗೆ ಹತ್ತಿರದಲ್ಲಿ, ಟೌನ್ಸ್‌ವಿಲ್‌ನಿಂದ ಉತ್ತರಕ್ಕೆ. ನಡುಸಮುದ್ರದ ದ್ವೀಪವಲ್ಲ. ನೆಲಕ್ಕೂ ಅದಕ್ಕೂ ನಡುವೆ ಕಾಂಡ್ಲಾ ಕಾಡು ತುಂಬಿದ ಒಂದು ಕಾಲುವೆಯಂಥ ಕಡಲು, ಇನ್ನೊಂದು ಮಗ್ಗುಲಿಗೆ ತೆರೆದ ಸಮುದ್ರ. ನಡುವೆ 1121 ಮೀಟರ್ ಎತ್ತರದ ಬೋವೆನ್ ಎಂಬ ಬೆಟ್ಟ. ಇಡೀ ದ್ವೀಪ ರಾಷ್ಟ್ರೀಯ ಉದ್ಯಾನ. ಪೂರ್ವದ ದಂಡೆಯಲ್ಲಿ ಕಾಲ್ನಡಿಗೆಯವರಿಗೆ 32 ಕಿಲೋಮೀಟರಿನ ಒಂದು ಹಾದಿ ಇದೆ. ಒಮ್ಮೆಗೆ 40 ಜನರಿಗಿಂತ ಹೆಚ್ಚು ಬಿಡುವುದಿಲ್ಲ. ಟೆಂಟ್ ಹಾಕಬೇಕಾದರೆ ಉದ್ಯಾನ ಇಲಾಖೆಯ ಪರವಾನಗಿ ಬೇಕು. ಅಲ್ಲಿ ಯಾರು, ಯಾವ ರಾತ್ರಿ ಎಲ್ಲಿ ಮಲಗುತ್ತಾರೆ ಎಂಬುದು ಬರವಣಿಗೆಯಲ್ಲಿ ಇರುತ್ತದೆ. ನಿಮ್ಮ ಕಣ್ಣ ಮುಂದೆ ಬರುತ್ತಿರುವ ದಿಕ್ಕಿಲ್ಲದ ಕಾಡಿಗೂ ಇದಕ್ಕೂ ಬಹಳ ಅಂತರವಿದೆ.

ಆಗಸ್ಟ್ ತಿಂಗಳ ಮಾತು. ಕೂಡಲಿಯಲ್ಲಿ ತುಂಗೆ ಭದ್ರೆ ಸೇರಿ ಕೆಂಪಗೆ ನಿಮ್ಮ ಕಡೆ ನುಗ್ಗುವ ಶ್ರಾವಣ ಅಲ್ಲಿ ಚಳಿಗಾಲ. ಮಳೆ ಕಡಿಮೆ, ಚಂಡಮಾರುತದ ಕಾಲವಲ್ಲ. ಕುಟುಕಿದರೆ ಪ್ರಾಣಕ್ಕೇ ಕುತ್ತು ತರುವ ಜೆಲ್ಲಿ ಮೀನುಗಳು ಅಲ್ಲಿ ಹೆಚ್ಚಾಗಿ ಬರುವುದು ನವೆಂಬರ್‌ನಿಂದ ಮೇ ತನಕ. ನಮ್ಮ ಕರಾವಳಿಯಲ್ಲಿ ಜೂನ್, ಜುಲೈ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಆಗಸ್ಟಿನಲ್ಲೂ ಕಡಲು ಅಬ್ಬರಿಸುತ್ತಲೇ ಇರುತ್ತದೆ. ಅದನ್ನು ಅಲ್ಲಿಗೆ ಅನ್ವಯಿಸಬೇಡಿ. ತಿಂಗಳ ಆಯ್ಕೆಯಲ್ಲಿ ನಿಮ್ಮ ಮಗಳು ತಪ್ಪಿಲ್ಲ.

ಮೊಸಳೆ ಇರುವುದು ನಿಜ. ಉಪ್ಪುನೀರಿನ ದೊಡ್ಡ ಮೊಸಳೆಗಳು ಆ ಭಾಗದ ಅಳಿವೆ, ಹಳ್ಳ, ಕಾಂಡ್ಲಾ ಕಾಡುಗಳಲ್ಲಿ ಇವೆ. ದೋಣಿ ಚಿಕ್ಕದಾದಷ್ಟೂ ಅಪಾಯ ಹೆಚ್ಚು ಎಂದು ಅಲ್ಲಿಯ ಸರ್ಕಾರವೇ ಎಚ್ಚರಿಸುತ್ತದೆ, ಕಯಾಕ್ ಚಿಕ್ಕ ದೋಣಿಯೇ. ನೀರಿನ ಅಂಚಿನಿಂದ ಕನಿಷ್ಠ 50 ಮೀಟರ್ ದೂರ, ಉಬ್ಬರದ ಗೆರೆಗಿಂತ ಎರಡು ಮೀಟರ್ ಎತ್ತರದಲ್ಲಿ ಟೆಂಟ್ ಹಾಕಬೇಕು, ಮೀನು ಹೆಚ್ಚಿದ ಚೂರು, ಉಳಿದ ಅನ್ನ ನೀರಿನ ಬಳಿ ಚೆಲ್ಲಬಾರದು, ಮುಸ್ಸಂಜೆ ಮತ್ತು ರಾತ್ರಿ ನೀರಿನ ಹತ್ತಿರ ಸುಳಿಯಬಾರದು ಎಂಬುದು ಅಲ್ಲಿಯ ನಿಯಮ. ಮಗಳು ಇದನ್ನು ನಿಮಗೆ ಹೇಳದೆ ಬಿಟ್ಟದ್ದು ಸರಿಯಲ್ಲ. ನೀವು ಹೆದರುತ್ತೀರಿ ಎಂದು ಬಿಟ್ಟಳು. ಆದರೆ ಅಕ್ಕನ ಮಗನಿಂದ ತಿಳಿದಾಗ ನಿಮ್ಮ ಹೆದರಿಕೆ ಎರಡು ಪಟ್ಟಾಯಿತು, ಜೊತೆಗೆ ಅವಳು ಇನ್ನೂ ಏನೇನು ಮುಚ್ಚಿಟ್ಟಿದ್ದಾಳೋ ಎಂಬ ಅನುಮಾನವೂ ಬಂತು. ಇದನ್ನು ಅವಳಿಗೆ ನೇರವಾಗಿಯೇ ಹೇಳಿ.

ಈಗ "ಗೈಡ್ ಇರ್ತಾರೆ" ಎಂಬ ಮಾತಿಗೆ ಬರುತ್ತೇನೆ. ಅವಳು ಅದನ್ನು ಒಂದೇ ಉಸಿರಲ್ಲಿ ಹೇಳಿದಳು, ನೀವೂ ಒಂದೇ ಉಸಿರಲ್ಲಿ ಬರೆದಿದ್ದೀರಿ. ನನ್ನ ಮಟ್ಟಿಗೆ ಎಲ್ಲವೂ ನಿಂತಿರುವುದು ಅಲ್ಲಿಯೇ.

1993ರ ಮಾರ್ಚ್ 22ರಂದು ಇಂಗ್ಲೆಂಡಿನ ಲೈಮ್ ಬೇ ಎಂಬಲ್ಲಿ ಎಂಟು ವಿದ್ಯಾರ್ಥಿಗಳು, ಒಬ್ಬ ಶಿಕ್ಷಕ, ಇಬ್ಬರು ತರಬೇತುದಾರರು ಕಯಾಕ್‌ಗಳಲ್ಲಿ ಕಡಲಿಗೆ ಇಳಿದರು. ದಡದಿಂದ ಕಡಲ ಕಡೆಗೆ ಬೀಸುತ್ತಿದ್ದ ಗಾಳಿ ಅವರನ್ನು ದೂರ ಒಯ್ದಿತು, ದೋಣಿಗಳಲ್ಲಿ ನೀರು ತುಂಬಿತು, ನಾಲ್ವರು ಮಕ್ಕಳು ತೀರಿಕೊಂಡರು. ಗೈಡ್‌ಗಳು ಇದ್ದರು. ಆದರೆ ತೆರೆದ ಕಡಲಿಗೆ ತಕ್ಕ ತರಬೇತಿ ಅವರಿಗೆ ಇರಲಿಲ್ಲ. ತಂಡ ಹೊತ್ತಿಗೆ ಬಾರದಿದ್ದರೂ ದಡದಲ್ಲಿದ್ದವರು ಗಂಟೆಗಟ್ಟಲೆ ತಡವಾಗಿ ರಕ್ಷಣಾ ಪಡೆಗೆ ತಿಳಿಸಿದರು. ಆ ದುರಂತದ ನಂತರವೇ ಬ್ರಿಟನ್ನಿನಲ್ಲಿ ಮಕ್ಕಳ ಸಾಹಸ ಕೇಂದ್ರಗಳ ಸುರಕ್ಷತೆಗೆಂದು 1995ರಲ್ಲಿ ಕಾಯ್ದೆ ಬಂತು.

ನಮ್ಮ ಕಾರವಾರದ್ದು ನಿಮಗೆ ನೆನಪಿರಬಹುದು. 2019ರ ಜನವರಿ 21. ಕೂರ್ಮಗಡ ದ್ವೀಪದ ನರಸಿಂಹ ಸ್ವಾಮಿ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು, ಅವರಲ್ಲಿ ನಿಮ್ಮ ನೆರೆಯ ಹಾವೇರಿ ಜಿಲ್ಲೆಯವರೂ ಇದ್ದರು. ದೋಣಿ ತುಂಬಿ ತುಳುಕುತ್ತಿತ್ತು, ಹೆಚ್ಚಿನವರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಅವರು ಸಾಹಸಕ್ಕೆ ಹೋದವರಲ್ಲ, ದೇವರಿಗೆ ಹೋದವರು. ಮಕ್ಕಳು ಮರಿ ಕಟ್ಟಿಕೊಂಡು ಹೋಗಿದ್ದರು. ಜಾತ್ರೆಗೆ ಹೋಗುವಾಗ ದೋಣಿಯಲ್ಲಿ ಎಷ್ಟು ಜನ, ಜಾಕೆಟ್ ಇದೆಯೇ ಎಂದು ನಾವು ಯಾರೂ ಕೇಳುವುದಿಲ್ಲ. ಮಗಳು ಕಯಾಕ್ ಎಂದರೆ ಮಾತ್ರ ಎದೆ ಒಡೆದುಕೊಳ್ಳುತ್ತದೆ. ಕೇಳಬೇಕಾದ ಪ್ರಶ್ನೆಗಳು ಎರಡು ಕಡೆಯೂ ಅವೇ.

ಅವಳಿಗೆ ಫೋನ್ ಮಾಡಿ "ಹೋಗಬೇಡ" ಎನ್ನುವ ಬದಲು "ನಿನ್ನ ಗೈಡ್ ಯಾರು, ಹೇಳು" ಎನ್ನಿ. ಆ ಮನುಷ್ಯ ಇದೇ ದ್ವೀಪದ ಸುತ್ತ ಮೊದಲು ಹೋಗಿದ್ದಾನೆಯೇ? ತೆರೆದ ಕಡಲಿನಲ್ಲಿ ತಂಡ ಕರೆದೊಯ್ಯುವ ಅರ್ಹತಾಪತ್ರ ಇದೆಯೇ? ಒಬ್ಬ ಗೈಡಿಗೆ ಎಷ್ಟು ಜನ? ಒಬ್ಬನೇ ಗೈಡಾಗಿದ್ದು ಅವನಿಗೇ ಏನಾದರೂ ಆದರೆ ಯಾರು? ಇವುಗಳಿಗಿಂತಲೂ ನನಗೆ ಮುಖ್ಯವೆನಿಸುವ ಪ್ರಶ್ನೆ ಬೇರೆ ಇದೆ: ಗಾಳಿ ಹೆಚ್ಚಾಗಿ ಹೊರಡುವುದು ಬೇಡವೆಂದು ನೀವು ಹಿಂದೆ ಯಾವಾಗ ತೀರ್ಮಾನಿಸಿದಿರಿ ಎಂದು ಆ ಕಂಪನಿಯವರನ್ನು ಅವಳು ಕೇಳಬೇಕು. ಒಳ್ಳೆಯವರು ತಡವರಿಸದೆ ಹೇಳುತ್ತಾರೆ, ಇಂಥ ದಿನ, ಇಂಥ ಕೊಲ್ಲಿಯಲ್ಲಿ ಎರಡು ರಾತ್ರಿ ಕಾದು ಕುಳಿತೆವು ಎಂದು. "ನಾವು ಯಾವತ್ತೂ ರದ್ದು ಮಾಡಿಲ್ಲ" ಎಂದು ಹೆಮ್ಮೆಯಿಂದ ಹೇಳುವವರ ಜೊತೆ ನನ್ನ ಮಗಳಾದರೆ ನಾನು ಕಳಿಸುವುದಿಲ್ಲ. ಐದು ದಿನದ ಪ್ರಯಾಣಕ್ಕೆ ಒಂದಾದರೂ ಹೆಚ್ಚುವರಿ ದಿನ ಇಟ್ಟಿದ್ದಾರೆಯೇ ಎಂಬುದರಲ್ಲೂ ಇದೇ ತಿಳಿಯುತ್ತದೆ. ಆ ತಿಂಗಳುಗಳಲ್ಲಿ ಅಲ್ಲಿ ಆಗ್ನೇಯದ ಗಾಳಿ ಒಮ್ಮೊಮ್ಮೆ ದಿನಗಟ್ಟಲೆ ಬಿಡದೆ ಬೀಸುತ್ತದೆ. ಕಾಯಲು ದಿನವೇ ಇಲ್ಲದಿದ್ದರೆ ಗೈಡ್ ಎಷ್ಟೇ ನುರಿತವನಾದರೂ ಅವಸರ ಮಾಡಬೇಕಾಗುತ್ತದೆ.

ಆಮೇಲೆ ಅವಳನ್ನೇ ಕೇಳಿ: ಮಗುಚಿ ಬೀಳುವುದನ್ನು ಅಭ್ಯಾಸ ಮಾಡಿದ್ದೀಯಾ? ಇದು ತಮಾಷೆಯ ಪ್ರಶ್ನೆಯಲ್ಲ. ಕಡಲ ಕಯಾಕ್ ಸುಮಾರು ಐದು ಮೀಟರ್ ಉದ್ದದ, ಕಿರಿದಾದ ದೋಣಿ. ಹಿಂದೆ ಮುಂದೆ ಗಾಳಿ ನೀರು ಹೋಗದ ಗೂಡುಗಳಿರುತ್ತವೆ. ಅಕ್ಕಿ, ಬಟ್ಟೆ, ಟೆಂಟ್ ಎಲ್ಲ ಅದರಲ್ಲಿ. ಆ ಗೂಡುಗಳ ಗಾಳಿಯಿಂದಲೇ ದೋಣಿ ಮಗುಚಿದರೂ ಮುಳುಗುವುದಿಲ್ಲ. ನಡುವಿನ ಕಂಡಿಯಲ್ಲಿ ಕುಳಿತು ಸೊಂಟದ ಸುತ್ತ ಒಂದು ಬಟ್ಟೆಯ ಮುಚ್ಚಳ ಬಿಗಿಯುತ್ತಾರೆ, ಅಲೆಯ ನೀರು ಒಳಗೆ ಬಾರದಿರಲೆಂದು. ಮಗುಚಿದಾಗ ತಲೆ ಕೆಳಗೆ, ಕಾಲು ದೋಣಿಯೊಳಗೆ. ಆಗ ಮುಚ್ಚಳದ ಮುಂಭಾಗದಲ್ಲಿರುವ ಕುಣಿಕೆಯನ್ನು ಕೈಯಿಂದ ಹುಡುಕಿ ಮುಂದಕ್ಕೆ ಎಳೆಯಬೇಕು. ಮುಚ್ಚಳ ಬಿಚ್ಚಿಕೊಳ್ಳುತ್ತದೆ. ಎರಡೂ ಕೈಯನ್ನು ಸೊಂಟದ ಪಕ್ಕ ಊರಿ ತಳ್ಳಿಕೊಂಡರೆ ಮೈ ಹೊರಗೆ ಜಾರುತ್ತದೆ, ಜಾಕೆಟ್ ಮೇಲಕ್ಕೆ ಎತ್ತುತ್ತದೆ. ಗೈಡ್ ತನ್ನ ದೋಣಿ ತಂದು ಅಡ್ಡ ನಿಲ್ಲಿಸಿ, ಮಗುಚಿದ ದೋಣಿಯ ಮೂತಿಯನ್ನು ತನ್ನ ಮಡಿಲ ಮೇಲೆ ಎಳೆದು ನೀರು ಬಸಿದು, ನೆಟ್ಟಗೆ ಮಾಡಿ, ಗಟ್ಟಿಯಾಗಿ ಹಿಡಿದುಕೊಳ್ಳುತ್ತಾನೆ. ಬಿದ್ದವಳು ಹಿಂಭಾಗದಿಂದ ಮೇಲೆ ಹೊರಳಿ ಮತ್ತೆ ಒಳಗೆ ಕೂರುತ್ತಾಳೆ. ಅಭ್ಯಾಸವಿದ್ದವರಿಗೆ ಇಷ್ಟೆಲ್ಲ ಕೆಲವೇ ನಿಮಿಷದ ಕೆಲಸ. ಅಭ್ಯಾಸ ಇಲ್ಲದವಳಿಗೆ ಆ ಕುಣಿಕೆಯೇ ಕೈಗೆ ಸಿಗುವುದಿಲ್ಲ. ಅದನ್ನು ಕಲಿಯಬೇಕಾದದ್ದು ಈಜುಕೊಳದಲ್ಲಿ, ಪಕ್ಕದಲ್ಲಿ ಒಬ್ಬರು ನಿಂತಿರುವಾಗ, ಈಗ. ಆಗಸ್ಟಿನಲ್ಲಿ ಮೊಸಳೆ ಇರುವ ನೀರಿನಲ್ಲಿ ಮೊದಲ ಬಾರಿಗೆ ಮಗುಚಿ ನೋಡುವುದಲ್ಲ. ಮಾಡಿಲ್ಲ ಎಂದರೆ, "ಮಾಡಿ ನನಗೊಂದು ವಿಡಿಯೋ ಕಳಿಸು" ಎನ್ನಿ. ಅಮ್ಮನಾಗಿ ನೀವು ಇಷ್ಟನ್ನು ಕೇಳಬಹುದು, ಅವಳು ಕೊಡಬೇಕು.

ಫೋನ್ ಸಿಗುವುದಿಲ್ಲ ಎಂಬುದಕ್ಕೆ ಅಲ್ಲಿ ವ್ಯವಸ್ಥೆ ಇದೆ. ಅಂಗೈಯಗಲದ ಒಂದು ಯಂತ್ರ, ಅದರ ಗುಂಡಿ ಒತ್ತಿದರೆ 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಆಪತ್ತಿನ ಸಂಕೇತ ಹೋಗುತ್ತದೆ, ಅಲ್ಲಿಂದ ರಕ್ಷಣಾ ಕೇಂದ್ರಕ್ಕೆ. ಇದು ಹಲವು ದೇಶಗಳು ಸೇರಿ ನಡೆಸುವ ಏರ್ಪಾಡು. ಇದರ ಭಾರತದ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲೇ, ಇಸ್ರೋ ನೋಡಿಕೊಳ್ಳುತ್ತದೆ. ಗೈಡ್ ಬಳಿ ಆ ಯಂತ್ರ ಇದೆಯೇ, ಕಡಲ ರೇಡಿಯೋ ಇದೆಯೇ, ಗೈಡ್ ಒಬ್ಬನಿಗೇ ಅಲ್ಲದೆ ಉಳಿದವರಿಗೂ ಅದನ್ನು ಬಳಸಲು ಹೇಳಿಕೊಡುತ್ತಾರೆಯೇ ಎಂದು ವಿಚಾರಿಸಲಿ.

ಇಷ್ಟಕ್ಕೆಲ್ಲ ಉತ್ತರ ಬಂದು ಅವು ಸಮಾಧಾನ ತರದಿದ್ದರೆ "ಈ ತಂಡದ ಜೊತೆ ಬೇಡ" ಎಂದು ಧೈರ್ಯವಾಗಿ ಹೇಳಿ. ದುಡ್ಡು ಹೋದರೆ ಹೋಗಲಿ. ಕಡಲಿಗೇ ಬೇಡ ಎನ್ನುವುದು ಬೇರೆ, ಈ ತಂಡ ಬೇಡ ಎನ್ನುವುದು ಬೇರೆ. ಎರಡನೆಯದನ್ನು ಅವಳು ಕೇಳಿಸಿಕೊಳ್ಳುತ್ತಾಳೆ, ಅವಳೂ ಸಾಯಲು ಹೊರಟವಳಲ್ಲ.

ಮದುವೆ, ಜನ ಏನಂತಾರೆ ಎಂಬುದರ ಮೇಲೆ ಹೆಚ್ಚು ಬರೆಯುವುದಿಲ್ಲ. ಅವಳು ದೇಶ ಬಿಟ್ಟು ಹೋಗಿ ಓದುತ್ತಿದ್ದಾಳೆ, ಹಗಲು ರಾತ್ರಿ ಅಪರಿಚಿತರ ನಡುವೆಯೇ ಬದುಕುತ್ತಿದ್ದಾಳೆ. ದ್ವೀಪದ ನಾಲ್ಕು ರಾತ್ರಿ ಅದಕ್ಕೆ ಹೊಸದೇನನ್ನೂ ಸೇರಿಸುವುದಿಲ್ಲ. ತಂಡದಲ್ಲಿ ಬೇರೆ ಹೆಂಗಸರು ಇದ್ದಾರೆಯೇ, ಟೆಂಟ್ ಯಾರ ಜೊತೆ ಎಂದು ಕೇಳುವುದರಲ್ಲಿ ತಪ್ಪಿಲ್ಲ, ಕೇಳಿ.

ಇನ್ನು ನಿಮ್ಮ ಅಣ್ಣ.

ಏಳನೇ ಕ್ಲಾಸಿನ ಹುಡುಗಿಗೆ ಅಣ್ಣ ಹೊಳೆಯಲ್ಲಿ ಹೋದ. ಆಮೇಲೆ ಮನೆಯಲ್ಲಿ ಅವನ ಮಾತು ನಿಂತಿತು, ಸಾವಿಗೆ ಜ್ವರದ ಹೆಸರು ಬಂತು. ಅಂದಿನ ಹಿರಿಯರು ಯಾಕೆ ಹಾಗೆ ಮಾಡಿದರೆಂದು ಊಹಿಸಬಲ್ಲೆ. ಮಗನನ್ನು ಹೊಳೆಗೆ ಬಿಟ್ಟೆವಲ್ಲ ಎಂಬ ಸಂಕಟವನ್ನು ದಿನಾ ಎತ್ತಿ ಆಡಲು ಯಾರಿಗೂ ಆಗುತ್ತಿರಲಿಲ್ಲ. ಆದರೆ ಆ ಹುಡುಗಿ ಅಳುವುದಕ್ಕೆ ಜಾಗವೇ ಸಿಗಲಿಲ್ಲ. ಈಗ ಮಗಳು "ನೀರು" ಎಂದ ಕೂಡಲೇ ಕೈಕಾಲು ತಣ್ಣಗಾಗುತ್ತಿರುವುದು ಆ ಹುಡುಗಿಗೆ. ಹಿಂಚಿನ್‌ಬ್ರೂಕಿನ ಬಗ್ಗೆ ನಾನು ಎಷ್ಟೇ ಮಾಹಿತಿ ಕೊಟ್ಟರೂ ಅದು ಅವಳನ್ನು ತಲುಪುವುದಿಲ್ಲ.

ನಿಮ್ಮ ಹೊಳೆಯಲ್ಲಿ ಇವತ್ತಿಗೂ ಹುಡುಗರು ಹೋಗುತ್ತಾರೆ. ಹೇಗೆ ಹೋಗುತ್ತಾರೆಂಬುದು ದಡದ ಊರಿನವರಿಗೆ ಹೇಳಿಕೊಡಬೇಕಾಗಿಲ್ಲ. ಮರಳು ತೆಗೆದ ಗುಂಡಿ ಮೇಲಿನಿಂದ ಕಾಣುವುದಿಲ್ಲ. ಮೇಲೆ ಡ್ಯಾಮಿನಿಂದ ನೀರು ಬಿಟ್ಟದ್ದು ತಿಳಿಯುವುದಿಲ್ಲ. ಒಬ್ಬನನ್ನು ಹಿಡಿಯಲು ಹೋಗಿ ಇನ್ನೊಬ್ಬ ಮುಳುಗುತ್ತಾನೆ, ದಡದಲ್ಲಿ ಒಂದು ಹಗ್ಗವೂ ಇರುವುದಿಲ್ಲ. ನಿಮ್ಮ ಅಣ್ಣನ ಮೈಮೇಲೆ ಜಾಕೆಟ್ ಇರಲಿಲ್ಲ, ಪಕ್ಕದಲ್ಲಿ ಕಲಿತವರು ಇರಲಿಲ್ಲ. ಅವನಿಗೆ ಸಿಗದೇ ಹೋದದ್ದನ್ನೆಲ್ಲ ಜೋಡಿಸಿಕೊಂಡು ಹೊರಡಲು ನಿಮ್ಮ ಮಗಳಿಗೆ ಅವಕಾಶವಿದೆ. ಆದರೆ ಅವಳಿಗೆ ಅವನೇ ಗೊತ್ತಿಲ್ಲ.

ಅವಳಿಗೆ ಹೇಳಿ. ಸೋದರಮಾವ ಹೇಗೆ ತೀರಿಕೊಂಡ ಎಂಬುದನ್ನು ತಿಳಿಯುವ ಹಕ್ಕು ಅವಳಿಗಿದೆ. ಹೊರಡುವ ಹಿಂದಿನ ದಿನ ಹೇಳಬೇಡಿ, ಅವಳಿಗೂ ಅಳಲು, ಕೇಳಲು ದಿನ ಬೇಕು. ಇದೇ ವಾರ ಹೇಳಿ. ಅವನು ಹೇಗೆ ನಗುತ್ತಿದ್ದ, ನಿಮ್ಮನ್ನು ಏನೆಂದು ಕರೆಯುತ್ತಿದ್ದ ಎಂಬುದರಿಂದ ಶುರುಮಾಡಿ. ಹೊಳೆಯ ದಿನ ಆಮೇಲೆ ಬರಲಿ. ಕೊನೆಗೆ "ಅದಕ್ಕೇ ನೀನು ಹೋಗಬೇಡ" ಎಂದು ಮಾತ್ರ ಸೇರಿಸಬೇಡಿ. ಹಾಗೆ ಅಂದರೆ ಅಣ್ಣನನ್ನು ಅವಳ ದಾರಿಗೆ ಮುಳ್ಳುಬೇಲಿ ಮಾಡಿ ನೆಟ್ಟಂತಾಗುತ್ತದೆ. "ಅದಕ್ಕೇ ನನಗೆ ಇಷ್ಟು ಭಯ" ಎನ್ನಿ, ಅಲ್ಲಿಗೆ ನಿಲ್ಲಿಸಿ. ಏನು ಮಾಡಬೇಕೆಂದು ಅವಳು ಯೋಚಿಸಲಿ. ನೀವು ಹೇಳುವ ತನಕ ಈ ಪುಟದ ಫೋಟೋ ಕಳಿಸಬೇಡಿ. ಇಂಥದ್ದನ್ನು ಅವಳು ಪತ್ರಿಕೆಯಲ್ಲಿ ಓದಿ ತಿಳಿಯಬಾರದು, ನಿಮ್ಮ ಬಾಯಿಂದ ಕೇಳಬೇಕು.

ಹೇಳಿದ ಮೇಲೂ ನಿದ್ದೆ ಬಾರದೆ ವಾರಗಳು ಕಳೆದರೆ, ಎದೆ ಡವಡವ ನಿಲ್ಲದಿದ್ದರೆ, 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಇಲ್ಲ. ಹಳೆಯ ದುಃಖಕ್ಕೆ ಚಿಕಿತ್ಸೆ ತೆಗೆದುಕೊಳ್ಳುವುದರಲ್ಲಿ ನಾಚಿಕೆಯೇನೂ ಇಲ್ಲ.

ಇನ್ನೊಂದು ಕೆಲಸವನ್ನು ನೀವಿಬ್ಬರೂ ಮಾಡಬೇಕೆಂದು ನನಗೆ ಆಸೆ. ಸೇತುವೆ ಆಗುವ ಮೊದಲು ಸಿಗಂದೂರಿಗೆ ಲಾಂಚ್‌ನಲ್ಲಿ ನೀವೂ ಹೋಗಿರುತ್ತೀರಿ, ಆ ಶರಾವತಿ ಹಿನ್ನೀರನ್ನು ನೋಡಿದ್ದೀರಿ. ಅದೇ ಹಿನ್ನೀರಿನ ದಡದಲ್ಲಿ, ಸಾಗರ ತಾಲ್ಲೂಕಿನ ಹೊನ್ನೆಮರಡುವಿನಲ್ಲಿ, ದಶಕಗಳಿಂದ ಜಲಸಾಹಸದ ತರಬೇತಿ ನಡೆಯುತ್ತ ಬಂದಿದೆ. ಜಾಕೆಟ್ ಹಾಕಿ, ತೆಪ್ಪದಲ್ಲೋ ಕಯಾಕ್‌ನಲ್ಲೋ ಕೂರಿಸಿ, ನಡುವಿನ ನಡುಗಡ್ಡೆಗೆ ಕರೆದೊಯ್ಯುತ್ತಾರೆ. ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯೂ ರಾಜ್ಯದಲ್ಲಿ ಜಲಸಾಹಸದ ತರಬೇತಿ ಕೊಡುತ್ತದೆ. ಮೊದಲೇ ಫೋನ್ ಮಾಡಿ ವಿಚಾರಿಸಿಕೊಂಡು, ಮಳೆಗಾಲಕ್ಕೆ ಮುಂಚೆ ಒಂದು ದಿನ ಹೋಗಿಬನ್ನಿ. ನೀರಿಗೆ ಇಳಿಯಲೇಬೇಕೆಂದಿಲ್ಲ. ಜಾಕೆಟ್ ತೊಟ್ಟವರು ನೀರಿಗೆ ಬಿದ್ದರೆ ಏನಾಗುತ್ತದೆ ಎಂಬುದನ್ನು ದಡದಲ್ಲಿ ಕುಳಿತು ಕಣ್ಣಾರೆ ನೋಡಿ. ಬಿದ್ದವರು ಮೇಲೆ ಬರುವುದನ್ನು ನೀವು ಇದುವರೆಗೆ ನೋಡಿಲ್ಲ, ನೋಡಬೇಕು.

ನಿಮ್ಮವರು ಕೂಗಾಡುತ್ತಿರುವುದೂ ಭಯದಿಂದಲೇ. ಗಂಡಸರು ಅದನ್ನು ಭಯ ಎಂದು ಒಪ್ಪುವುದು ಕಷ್ಟ, ಮದುವೆಯ ಮಾತು ಮುಂದೆ ತರುತ್ತಾರೆ. ಅವರಿಗೊಂದು ಜವಾಬ್ದಾರಿ ಕೊಡಿ. ಯಾವ ದಿನ ಎಲ್ಲಿಂದ ಎಲ್ಲಿಗೆ, ಯಾವ ರಾತ್ರಿ ಎಲ್ಲಿ ಬಿಡಾರ, ಗೈಡ್ ಹೆಸರು, ಕಂಪನಿಯ ದಡದ ಫೋನ್ ನಂಬರ್ ಎಲ್ಲವನ್ನೂ ಕನ್ನಡದಲ್ಲಿ ಬರೆದು ಅಪ್ಪನ ಮೊಬೈಲಿಗೇ ಕಳಿಸುವಂತೆ ಮಗಳಿಗೆ ಹೇಳಿ. ಲೈಮ್ ಬೇಯಲ್ಲಿ ತಪ್ಪಿದ್ದು ಇಲ್ಲಿಯೇ, ತಡವಾಯಿತು ಎಂದು ಹೊತ್ತಿಗೆ ಸರಿಯಾಗಿ ಯಾರೂ ಹೇಳಲಿಲ್ಲ. ಕೊನೆಯ ದಿನ ಎಷ್ಟು ಗಂಟೆಯೊಳಗೆ ದಡಕ್ಕೆ ಬಂದು ಕರೆ ಮಾಡುತ್ತಾಳೆ, ಆ ಹೊತ್ತು ದಾಟಿದರೆ ಎಷ್ಟು ಕಾಯಬೇಕು, ಆಮೇಲೆ ಅಪ್ಪ ಯಾವ ನಂಬರಿಗೆ ಫೋನ್ ಮಾಡಬೇಕು ಎಂಬುದನ್ನು ಅಪ್ಪ ಮಗಳೇ ಮಾತಾಡಿ ಗೊತ್ತು ಮಾಡಿಕೊಳ್ಳಲಿ. ಅಷ್ಟಕ್ಕಾದರೂ ಅವರು ಅವಳ ಕರೆ ತೆಗೆದುಕೊಳ್ಳಬೇಕಾಗುತ್ತದೆ. ಕ್ವೀನ್ಸ್‌ಲ್ಯಾಂಡಿನ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಮುಂದಿದೆ. ಅವಳು ಸಂಜೆ ಆರು ಎಂದರೆ ಸಾಸ್ವೆಹಳ್ಳಿಯಲ್ಲಿ ಮಧ್ಯಾಹ್ನ ಒಂದೂವರೆ. ಅದನ್ನೂ ಆ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.